ಕಾರಿದ್ದವರು ಬೆಂಕಿ ಹಚ್ಚುತ್ತಾರೆಯೇ?



ಒಂದು ತೀರ್ಪಿನಿಂದ ಶುರು ಮಾಡುತ್ತೇವೆ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿ ಎಂಬ ಹಳ್ಳಿಯಲ್ಲಿ 44 ಜನ ದಲಿತರನ್ನು ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಜೀವ ಉಳಿಸಿಕೊಳ್ಳಲು ಒಂದೇ ಗುಡಿಸಲಿಗೆ ನುಗ್ಗಿದ್ದರು, ಆ ಗುಡಿಸಲಿಗೇ ಬೆಂಕಿಯಿಟ್ಟರು. ಅವರು ಮಾಡಿದ್ದ ಅಪರಾಧವೆಂದರೆ ಕೂಲಿ ಭತ್ತ ಇನ್ನೊಂದಿಷ್ಟು ಜಾಸ್ತಿ ಅಳೆಯಿರಿ ಅಂತ ಕೇಳಿದ್ದು, ಕೆಂಬಾವುಟದ ಸಂಘ ಕಟ್ಟಿದ್ದು. ಕೆಳಗಿನ ಕೋರ್ಟು ಜಮೀನ್ದಾರರಿಗೆ ಶಿಕ್ಷೆ ಕೊಟ್ಟಿತು. 1973ರಲ್ಲಿ ಮದರಾಸು ಹೈಕೋರ್ಟು ಬಿಟ್ಟುಬಿಟ್ಟಿತು. ಇವರೆಲ್ಲ ಭೂಮಿಕಾಣಿ ಇರುವ ದೊಡ್ಡ ಮನುಷ್ಯರು, ಒಬ್ಬರಿಗಂತೂ ಕಾರೂ ಉಂಟು, ಇಂಥವರು ತಾವೇ ನಡೆದುಕೊಂಡು ಹೋಗಿ ಮನೆಗಳಿಗೆ ಬೆಂಕಿ ಹಚ್ಚಿದರೆಂದು ನಂಬುವುದು ಕಷ್ಟ. ನ್ಯಾಯಮೂರ್ತಿಗಳು ಹೇಳಿದ್ದರ ತಾತ್ಪರ್ಯ ಇದು.

ಹಾಸ್ಟೆಲಿನ ರೂಮಿನಲ್ಲಿ ಇದನ್ನು ಓದಿದಾಗ ನಾವು ಮೊದಲು ನಕ್ಕೆವು. ಆಮೇಲೆ ಯಾರೂ ಮಾತಾಡಲಿಲ್ಲ. ಈ ಮಾತು ನಮಗೆ ಹೊಸದೇನೂ ಆಗಿರಲಿಲ್ಲ. "ಯಜಮಾನ್ರು ಅಂಥೋರಲ್ಲ ಕಣ್ರಪ್ಪ, ಮನೇಲಿ ಮದುವೆ ಆದ್ರೆ ನಿಮ್ಮ ಕೇರಿಗೂ ಊಟ ಕಳಿಸೋ ಜನ" ಅನ್ನುವುದನ್ನು ಕೇಳಿಕೊಂಡೇ ಬೆಳೆದಿದ್ದೇವೆ. ನಮ್ಮದೇ ನೆಲದ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಹೊರಬಂದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಈಗ ಕಾಗದದ ಮೇಲೆ ಸುಟ್ಟುಹೋದವರು ಇದ್ದಾರೆ, ಸುಟ್ಟವರು ಯಾರೂ ಇಲ್ಲ.

ಕೇಡಿಗೆ ಕೋರೆಹಲ್ಲು, ಕೆಂಗಣ್ಣು ಇರಬೇಕು ಎಂದು ಹರಿಕಥೆಯಿಂದ ಹಿಡಿದು ಸಿನಿಮಾದವರೆಗೆ ಎಲ್ಲವೂ ಈ ದೇಶಕ್ಕೆ ಕಲಿಸಿವೆ. (ಆ ರಾಕ್ಷಸನ ಮೈಬಣ್ಣ ಸಾಮಾನ್ಯವಾಗಿ ನಮ್ಮದೇ ಆಗಿರುತ್ತದೆ.) ಹಲ್ಲು ನೆಟ್ಟಗಿದ್ದು, ಬಿಳಿ ಪಂಚೆ ಉಟ್ಟು, ಕಾರಿನಲ್ಲಿ ಓಡಾಡುವವನು ರಾಕ್ಷಸನಾಗುವುದು ಹೇಗೆ? ಇದು ಒಂದು ಕಡೆಯ ಸುಳ್ಳು. ಇನ್ನೊಂದು ಕಡೆ ಓದಿದವರ ಮಾತೊಂದಿದೆ. ಸೆಮಿನಾರುಗಳಲ್ಲಿ ಕೇಳಿದ್ದೇವೆ. ಎಲ್ಲರೊಳಗೂ ಒಬ್ಬ ರಾಕ್ಷಸ ಕೂತಿದ್ದಾನೆ, ಸಂದರ್ಭ ಬಂದರೆ ನಾನೂ ಒಂದೇ ನೀವೂ ಒಂದೇ ಅಂತ. ಕೇಳಲು ಬಹಳ ವಿನಯದ ಮಾತು. ಆದರೆ ಎಲ್ಲರೂ ತಪ್ಪಿತಸ್ಥರು ಅಂದಮೇಲೆ ಪೊಲೀಸರು ಯಾರನ್ನು ಹಿಡಿಯಬೇಕು?

ಮರ್ಯಾದಸ್ಥ, ಸಾಮಾನ್ಯ ಮನುಷ್ಯ ಇಂಥ ಕೆಲಸ ಮಾಡಬಲ್ಲನೇ ಎಂಬ ಪ್ರಶ್ನೆಗೆ ನಮ್ಮ ಕೋರ್ಟುಗಳಲ್ಲಿ ಉತ್ತರ ಸಿಗುವುದಿಲ್ಲ, ಯಾಕೆಂದರೆ ಇಲ್ಲಿ ಕೊಂದವರು ಬಾಯಿಬಿಟ್ಟ ದಾಖಲೆಯೇ ಅಪರೂಪ. ಜರ್ಮನಿಯಲ್ಲಿ ಅಂಥ ದಾಖಲೆ ಇದೆ. ಆದ್ದರಿಂದ ಸ್ವಲ್ಪ ಹೊತ್ತು ಅಲ್ಲಿಗೆ ಹೋಗಿ ಬರೋಣ.

ಹಿಟ್ಲರನ ಕಾಲದಲ್ಲಿ ಹ್ಯಾಂಬರ್ಗ್ ಬಂದರಿನ ಊರಿನಿಂದ ಎಬ್ಬಿಸಿದ ಮೀಸಲು ಪೊಲೀಸ್ ಪಡೆ, ಅದರ ನಂಬರು 101. ಸುಮಾರು 500 ಜನ. ಸರಾಸರಿ ವಯಸ್ಸು 39. ಸೈನ್ಯಕ್ಕೆ ವಯಸ್ಸು ಮೀರಿದ್ದರಿಂದ ಪೊಲೀಸಿಗೆ ಎಳೆದುಕೊಂಡಿದ್ದರು. ಮೂಲದಲ್ಲಿ ಹಡಗುಕಟ್ಟೆಯ ಹಮಾಲಿಗಳು, ಲಾರಿ ಡ್ರೈವರುಗಳು, ಗೋದಾಮಿನ ಆಳುಗಳು, ಗಾರೆ ಕೆಲಸದವರು, ನಾವಿಕರು, ಹೋಟೆಲ್ ಮಾಣಿಗಳು. ಸಣ್ಣಪುಟ್ಟ ಗುಮಾಸ್ತರೂ ಇದ್ದರು. ಹೆಂಡತಿ ಮಕ್ಕಳಿದ್ದ ಜನ. ಇವರಲ್ಲಿ ನಾಜಿ ಪಕ್ಷದ ಸದಸ್ಯರು ಸುಮಾರು ಕಾಲು ಭಾಗ. ಹಿಟ್ಲರ್ 1933ರಲ್ಲಿ ಗದ್ದುಗೆ ಏರುವ ಹೊತ್ತಿಗೆ ಇವರಿಗೆಲ್ಲ ಮೂವತ್ತರ ಆಸುಪಾಸು. ಅಂದರೆ ಬೇರೆ ಕಾಲವನ್ನು, ಬೇರೆ ನೀತಿಯನ್ನು ಕಂಡಿದ್ದವರು. ಹ್ಯಾಂಬರ್ಗ್ ಅಂದರೆ ಕಾರ್ಮಿಕ ಸಂಘಗಳ ಊರು, ಸೋಷಲಿಸ್ಟರೂ ಕಮ್ಯುನಿಸ್ಟರೂ ಬಲವಾಗಿದ್ದ ಊರು.

ದುಡಿಯುವ ಕೈ ಕೊಲ್ಲುವುದಿಲ್ಲ ಅಂತ ನಾವು ಗೋಡೆಗಳ ಮೇಲೆ ಬರೆದಿದ್ದೇವೆ. ಹಮಾಲಿ ಮಾಡಿದ ಕೈಗಳೇ ಅಲ್ಲಿ ಕೊಂದವು. ಇದನ್ನು ಮುಚ್ಚಿಟ್ಟು ಈ ಲೇಖನ ಬರೆಯುವುದು ಸಾಧ್ಯವಿಲ್ಲ.

1942ರ ಜುಲೈ 13. ಪಡೆ ಪೋಲೆಂಡಿಗೆ ಬಂದು ಮೂರು ವಾರವೂ ಆಗಿರಲಿಲ್ಲ. ಕತ್ತಲಲ್ಲೇ ಎಬ್ಬಿಸಿ ಲಾರಿ ಹತ್ತಿಸಿ ಯೂಜೆಫೂಫ್ ಎಂಬ ಹಳ್ಳಿಗೆ ತಂದರು. ಅಲ್ಲಿ ಸುಮಾರು 1800 ಜನ ಯಹೂದಿಗಳಿದ್ದರು. ಪಡೆಯ ಮುಖ್ಯಸ್ಥ ಮೇಜರ್ ಟ್ರಾಪ್. 53 ವರ್ಷ, ಹಳೆಯ ಪೊಲೀಸು. ಆಳುಗಳು ಪ್ರೀತಿಯಿಂದ 'ಅಪ್ಪ ಟ್ರಾಪ್' ಅಂತ ಕರೆಯುತ್ತಿದ್ದರು. ಆತ ಎಲ್ಲರನ್ನೂ ಅರ್ಧ ಸುತ್ತಾಗಿ ನಿಲ್ಲಿಸಿಕೊಂಡು ಮಾತಾಡಿದ. ಗಂಟಲು ಕಟ್ಟಿತ್ತು, ಕಣ್ಣಲ್ಲಿ ನೀರಿತ್ತು. ಕೆಲಸ ಮಾಡಬಲ್ಲ ಗಂಡಸರನ್ನು ಬೇರೆ ಮಾಡಿ ಶಿಬಿರಕ್ಕೆ ಕಳಿಸಬೇಕು, ಉಳಿದವರನ್ನು, ಅಂದರೆ ಹೆಂಗಸರು ಮಕ್ಕಳು ಮುದುಕರನ್ನು, ಇಲ್ಲೇ ಕೊಲ್ಲಬೇಕು, ಇದು ಮೇಲಿನಿಂದ ಬಂದ ಹುಕುಂ. ಇಷ್ಟು ಹೇಳಿ ಇನ್ನೊಂದು ಮಾತು ಸೇರಿಸಿದ. ನಿಮ್ಮಲ್ಲಿ ವಯಸ್ಸಾದವರು ಯಾರಿಗಾದರೂ ಇದು ಕೈಲಾಗದು ಅನ್ನಿಸಿದರೆ ಈಚೆಗೆ ಬರಬಹುದು.

ಕೇಳಿಸಿಕೊಂಡಿರಾ? ಬಾಗಿಲು ತೆರೆದೇ ಇತ್ತು.

ಸ್ವಲ್ಪ ಹೊತ್ತು ಯಾರೂ ಅಲ್ಲಾಡಲಿಲ್ಲ. ಒಬ್ಬ ಈಚೆ ಬಂದ. ಅವನ ಕ್ಯಾಪ್ಟನ್ ಅವನ ಮೇಲೆ ಹರಿಹಾಯ್ದ. ಟ್ರಾಪ್ ತಡೆದು ತನ್ನ ರಕ್ಷಣೆಗೆ ತೆಗೆದುಕೊಂಡ. ಆಮೇಲೆ ಇನ್ನೂ ಹತ್ತು ಹನ್ನೆರಡು ಜನ ಬಂದು ಬಂದೂಕು ಒಪ್ಪಿಸಿದರು. ಉಳಿದ ಸುಮಾರು 480 ಜನ ನಿಂತಲ್ಲೇ ನಿಂತಿದ್ದರು.

ಪಡೆಯ ಡಾಕ್ಟರು ಕತ್ತಿನ ಯಾವ ಜಾಗಕ್ಕೆ ಗುರಿಯಿಟ್ಟರೆ ಕೂಡಲೇ ಸಾಯುತ್ತಾರೆಂದು ತೋರಿಸಿಕೊಟ್ಟರು. ಓದಿದ ಮನುಷ್ಯ, ಓದಿದ್ದನ್ನು ಕೊಟ್ಟ. ಸಂತೆಮಾಳದಿಂದ ಲಾರಿಯಲ್ಲಿ ಜನರನ್ನು ತುಂಬಿ ಕಾಡಿಗೆ ತರುವುದು, ಇಳಿದವರ ಮುಂದೆ ಅಷ್ಟೇ ಜನ ಪೊಲೀಸರು ಬಂದು ಒಬ್ಬೊಬ್ಬರನ್ನು ಜೋಡಿ ಮಾಡಿಕೊಂಡು ಮರಗಳ ನಡುವೆ ಕರೆದೊಯ್ಯುವುದು. ಹೀಗೆ ಕತ್ತಲಾಗುವವರೆಗೆ. ಸುಮಾರು 1500 ಜನ ಸತ್ತರು. ಟ್ರಾಪ್ ಕಾಡಿನ ಕಡೆ ಹೋಗಲಿಲ್ಲ. ಆ ಹಳ್ಳಿಯ ಸ್ಕೂಲಿನ ಕೋಣೆಯಲ್ಲಿ ಅಳುತ್ತಾ ಶತಪಥ ಹಾಕುತ್ತಿದ್ದ. ಈ ಪತ್ರಿಕೆ ಓದುವ ಮೇಷ್ಟ್ರುಗಳು ಆ ಕೋಣೆಯನ್ನು ಒಮ್ಮೆ ನೆನೆಯಬೇಕು. ಅಳುವ ಒಳ್ಳೆಯ ಮನುಷ್ಯನೇ ಹುಕುಂ ಕೊಟ್ಟಿದ್ದ. ಅವನ ಕಣ್ಣೀರಿನಿಂದ ಹೊರಗಿನ ಕೊಲೆ ನಿಲ್ಲಲಿಲ್ಲ.

ದಿನ ಸಾಗಿದಂತೆ ಇನ್ನೂ ಕೆಲವರು ಜಾರಿಕೊಂಡರು. ಸಾರ್ಜೆಂಟನ ಹತ್ತಿರ ಹೋಗಿ ಬೇರೆ ಕೆಲಸ ಕೇಳಿದರು, ಪಾದ್ರಿಯ ಮನೆಯ ತೋಟದಲ್ಲಿ ಅಡಗಿದರು, ಬೇಕಂತಲೇ ಗುರಿ ತಪ್ಪಿಸಿದರು. ಗುಂಡು ಹಾರಿಸಲು ನೇಮಿಸಿದವರಲ್ಲಿ ಹೀಗೆ ತಪ್ಪಿಸಿಕೊಂಡವರು ನೂರಕ್ಕೆ 10ರಿಂದ 20 ಇರಬಹುದು ಎಂದು ಈ ಚರಿತ್ರೆ ಬರೆದ ಅಮೆರಿಕದ ಕ್ರಿಸ್ಟೋಫರ್ ಬ್ರೌನಿಂಗ್ ಲೆಕ್ಕ ಹಾಕುತ್ತಾರೆ. ನೂರಕ್ಕೆ 80 ಜನವಾದರೂ ಸಂಜೆಯವರೆಗೆ ಮಾಡಿದರು.

1962ರಿಂದ ಹ್ಯಾಂಬರ್ಗಿನ ಸರ್ಕಾರಿ ವಕೀಲರು ಈ ಪಡೆಯ 210 ಜನರನ್ನು ಕೂರಿಸಿ ವಿಚಾರಿಸಿದರು. ಆ ಹೇಳಿಕೆಗಳ ಮೇಲೆಯೇ ಬ್ರೌನಿಂಗ್ 1992ರಲ್ಲಿ ಪುಸ್ತಕ ಬರೆದದ್ದು. ಅದರಲ್ಲಿ ಮೂರು ಜನರ ಮಾತು ನಮ್ಮ ನಿದ್ದೆ ಕೆಡಿಸಿದೆ.

ಒಬ್ಬ ಲೋಹದ ಕೆಲಸಗಾರ. ಅವನು ಮಕ್ಕಳಿಗೆ ಮಾತ್ರ ಗುಂಡು ಹೊಡೆದನಂತೆ. ಪಕ್ಕದವನು ತಾಯಿಗೆ ಹೊಡೆಯುತ್ತಿದ್ದ, ತಾಯಿಯಿಲ್ಲದೆ ಮಗು ಬದುಕಿ ಏನು ಮಾಡುತ್ತದೆ, ಬಿಡುಗಡೆ ಕೊಟ್ಟ ಹಾಗೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ನೋಡಿ, ಮನುಷ್ಯನಿಗೆ ಕೊಲ್ಲಲು ಕ್ರೌರ್ಯವೇ ಬೇಕೆಂದಿಲ್ಲ. ಕರುಣೆಯನ್ನೂ ಉಪಯೋಗಿಸಿಕೊಳ್ಳಬಹುದು.

ಇನ್ನೊಬ್ಬ ಲೆಫ್ಟಿನೆಂಟು, ಊರಲ್ಲಿ ಮರದ ವ್ಯಾಪಾರ. ರಕ್ಷಣೆಯಿಲ್ಲದ ಹೆಂಗಸರು ಮಕ್ಕಳಿಗೆ ನಾನು ಗುಂಡು ಹೊಡೆಯಲ್ಲ ಅಂತ ಹಿಂದಿನ ರಾತ್ರಿಯೇ ಹೇಳಿಬಿಟ್ಟ. ಅವನಿಗೆ ಬೇರೆ ಕೆಲಸ ಕೊಟ್ಟರು. ನನಗೆ ಸ್ವಂತ ವ್ಯಾಪಾರವಿತ್ತು, ಪೊಲೀಸಿನಲ್ಲಿ ಬಡ್ತಿ ಬೇಕಿರಲಿಲ್ಲ, ಅದಕ್ಕೇ ಸಾಧ್ಯವಾಯಿತು ಅಂತ ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ. ಧೈರ್ಯದ ಬುಡದಲ್ಲೂ ಅನ್ನದ ಲೆಕ್ಕ ಇರುತ್ತದೆ, ಇದನ್ನು ಹೊಟ್ಟೆ ತುಂಬಿದ ನೀತಿವಂತರು ಮರೆಯಬಾರದು.

ಮೂರನೆಯವನು ದರ್ಜಿ, 37 ವರ್ಷ. ಮೊದಲ ಸುತ್ತು ಗುಂಡು ಹೊಡೆದು ಬಂದ. ಎರಡನೆಯ ಸುತ್ತಿಗೆ ಒಬ್ಬ ತಾಯಿ ಮಗಳು ಅವನ ಪಾಲಿಗೆ ಬಂದರು. ಮಾತಾಡಿಸಿದ. ಅವರು ಜರ್ಮನಿಯ ಕಾಸೆಲ್ ಊರಿನವರು, ಅವನದೇ ಭಾಷೆಯವರು, ಅಲ್ಲಿಂದ ಓಡಿಸಿ ಇಲ್ಲಿಗೆ ತಂದಿದ್ದರು. ಇನ್ನು ನನ್ನ ಕೈಲಾಗದು ಎಂದು ಅಲ್ಲಿಗೇ ನಿಲ್ಲಿಸಿದ. ಅವನನ್ನು ಸಂತೆಮಾಳದ ಕಾವಲಿಗೆ ಕಳಿಸಿದರು.

ಈ ದರ್ಜಿಯನ್ನು ನಮ್ಮಲ್ಲಿ ಕೆಲವರು ಮೆಚ್ಚಿದರು. ಕೆಲವರು ಕೇಳಿದರು, ಮೊದಲ ಸುತ್ತಿನಲ್ಲಿ ಸತ್ತವಳ ಭಾಷೆ ಯಾವುದು? ಅವಳೂ ತಾಯಿಯೋ ಮಗಳೋ ಆಗಿದ್ದಳಲ್ಲವೇ? 'ನಮ್ಮೋರು' ಅಂತ ಗೊತ್ತಾದಾಗ ಮಾತ್ರ ಅವನ ಕೈ ನಡುಗಿತು. ನಮ್ಮ ಲೆಕ್ಕದಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನುವುದರ ಮೇಲೆ ಸಾಮಾನ್ಯ ಮನುಷ್ಯನ ಒಳ್ಳೆಯತನವೂ ನಿಂತಿದೆ, ಕೇಡೂ ನಿಂತಿದೆ. ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಹೊಡೆಯಲ್ಲ ಅಂದವರಿಗೆ ಏನಾಯಿತು? ಏನೂ ಆಗಲಿಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ನೂರಾರು ಮೊಕದ್ದಮೆ ನಡೆದವು. ನಿರಾಯುಧರನ್ನು ಕೊಲ್ಲಲು ಒಪ್ಪದ ಕಾರಣಕ್ಕೆ ಒಬ್ಬನಿಗಾದರೂ ಘೋರ ಶಿಕ್ಷೆಯಾಯಿತೆಂದು ಯಾವ ವಕೀಲನೂ ದಾಖಲೆ ತೋರಿಸಲಾಗಲಿಲ್ಲ. ಹಾಗಾದರೆ ಆ 480 ಜನ ಯಾವುದಕ್ಕೆ ಹೆದರಿದರು? ಪಕ್ಕದಲ್ಲಿ ನಿಂತವನಿಗೆ. ಹೇಡಿ ಅಂತಾರೆ, ಗಂಡಸಲ್ಲ ಅಂತಾರೆ, ಕೊಳಕು ಕೆಲಸವನ್ನು ನಮ್ಮ ಮೇಲೆ ಹೊರಿಸಿ ತಾನು ಜಾರಿಕೊಂಡ ಅಂತಾರೆ ಎಂಬ ಹೆದರಿಕೆ. ಈಚೆ ಬಂದವರೂ ಹೆಚ್ಚಿನವರು 'ಇದು ತಪ್ಪು' ಅನ್ನಲಿಲ್ಲ. 'ನನಗೆ ಅಷ್ಟು ಗಟ್ಟಿ ಮನಸ್ಸಿಲ್ಲ' ಅಂದರು. ಹಾಗೆ ಅಂದದ್ದರಿಂದ ಕೊಂದವರು ಗಟ್ಟಿಗರಾಗಿಯೇ ಉಳಿದರು.

ಆಮೇಲಿನ ಕಥೆ ಬೇಗ ಹೇಳುತ್ತೇವೆ, ಅಭ್ಯಾಸವಾದ ಮೇಲೆ ಅವರೂ ಬೇಗ ಬೇಗ ಮಾಡಿದರು. ಆಗಸ್ಟಿನಲ್ಲಿ ವೊಮಾಜಿ ಎಂಬ ಊರಲ್ಲಿ 1700 ಜನ. ಅಲ್ಲಿ ಹೆಚ್ಚಿನ ಗುಂಡು ಹಾರಿಸಿದವರು ಸೋವಿಯತ್ ನೆಲದಿಂದ ತಂದು ಪಳಗಿಸಿದ್ದ ಬೇರೊಂದು ಪಡೆಯವರು. ಹ್ಯಾಂಬರ್ಗಿನವರಿಗೆ ಕೆಲಸ ಹಗುರಾಯಿತು. ಬೇರೆ ಊರುಗಳಲ್ಲಿ ಜನರನ್ನು ಟ್ರೆಬ್ಲಿಂಕಾಗೆ ಹೋಗುವ ರೈಲಿಗೆ ತುಂಬುವುದಷ್ಟೇ ಕೆಲಸ. ಬಾಗಿಲು ಹಾಕಿದರೆ ಮುಗಿಯಿತು, ಮುಂದಿನದು ಕಣ್ಣಿಗೆ ಕಾಣುವುದಿಲ್ಲ. ಒಬ್ಬ ಕ್ಯಾಪ್ಟನ್ ಹೊಸದಾಗಿ ಮದುವೆಯಾದ ಬಸುರಿ ಹೆಂಡತಿಯನ್ನು ಇದನ್ನು ನೋಡಲು ಕರೆತಂದಿದ್ದ. ಪಡೆಯವರಿಗೆ ಬಹಳ ಸಿಟ್ಟು ಬಂತಂತೆ, ಹೆಂಗಸರು ನೋಡುವಂಥ ಕೆಲಸವೇ ಇದು ಅಂತ. ನಾಚಿಕೆ ಇತ್ತು, ಆದರೆ ಯಾವುದಕ್ಕೆ ಅನ್ನುವುದು ನೋಡಿ! 1943ರ ನವೆಂಬರಿನ ಹೊತ್ತಿಗೆ ಈ 500 ಜನರ ಪಡೆ ಕನಿಷ್ಠ 38,000 ಜನರನ್ನು ಗುಂಡಿಟ್ಟು ಕೊಂದದ್ದರಲ್ಲಿ ಪಾಲುದಾರ, 45,000 ಜನರನ್ನು ಟ್ರೆಬ್ಲಿಂಕಾಗೆ ಕಳಿಸಿದ್ದರಲ್ಲಿ ಪಾಲುದಾರ.

ಯುದ್ಧ ಮುಗಿದ ಮೇಲೆ ಅವರು ಊರಿಗೆ ಹೋದರು. ಹಮಾಲಿ ಹಮಾಲಿಗೆ, ಡ್ರೈವರು ಲಾರಿಗೆ. ಕೆಲವರು ಪೊಲೀಸಿನಲ್ಲೇ ಮುಂದುವರಿದರು. ಟ್ರಾಪನನ್ನು ಪೋಲೆಂಡಿಗೆ ಒಪ್ಪಿಸಿ 1948ರಲ್ಲಿ ಮರಣದಂಡನೆ ಕೊಟ್ಟರು. ಆ ಶಿಕ್ಷೆಯೂ 78 ಜನ ಪೋಲಿಷ್ ಹಳ್ಳಿಗರನ್ನು ಕೊಂದದ್ದಕ್ಕೆ. ಸಾವಿರಾರು ಯಹೂದಿಗಳು ಆ ಮೊಕದ್ದಮೆಯಲ್ಲಿ ಬರಲೇ ಇಲ್ಲ. ಹ್ಯಾಂಬರ್ಗಿನಲ್ಲಿ 14 ಜನರ ಮೇಲೆ ಮಾತ್ರ ಮೊಕದ್ದಮೆ ನಡೆದು 1968ರ ಏಪ್ರಿಲಿನಲ್ಲಿ ತೀರ್ಪು ಬಂತು. ಅತಿ ಹೆಚ್ಚೆಂದರೆ 8 ವರ್ಷ. ಅದೇ ವರ್ಷದ ಕೊನೆಗೇ ಕೀಳ್ವೆಣ್ಮಣಿ ಉರಿದದ್ದು.

ಇವರನ್ನು ಏನಂತ ಕರೆಯಬೇಕು ಎಂದು ದೊಡ್ಡ ಜಗಳವೇ ಆಗಿದೆ. ಬ್ರೌನಿಂಗ್ 'ಸಾಮಾನ್ಯ ಮನುಷ್ಯರು' ಅಂದರು. ಇಂಥವರೇ ಕೊಲೆಗಾರರಾಗಬಹುದಾದರೆ ಯಾವ ಗುಂಪು ಆಗಲಾರದು ಎಂಬುದು ಅವರ ಪ್ರಶ್ನೆ. 1996ರಲ್ಲಿ ಡೇನಿಯಲ್ ಗೋಲ್ಡ್‌ಹಾಗನ್ ಎಂಬವರು ತಿರುಗಿ ಹೊಡೆದರು. ಇವರು ಬರೀ ಮನುಷ್ಯರಲ್ಲ, ಜರ್ಮನರು, ತಲೆತಲಾಂತರದಿಂದ ಯಹೂದಿಗಳನ್ನು ಹುಳುಗಳಂತೆ ಕಾಣಲು ಕಲಿತವರು, ಅದಕ್ಕೇ ಕೊಂದರು ಅಂತ. ಅದಕ್ಕೂ ಮೊದಲು 1961ರಲ್ಲಿ ಜೆರುಸಲೇಮಿನಲ್ಲಿ ಐಕ್‌ಮನ್‌ನ ವಿಚಾರಣೆ ನೋಡಿದ ಹನ್ನಾ ಅರೆಂಟ್, ಕೇಡು ಎಂಬುದು ಬಹಳ ಸಪ್ಪೆ, ಸಾಧಾರಣ ವಸ್ತು ಎಂದಿದ್ದರು. ಅವರ ಮಾತು ದೊಡ್ಡದು, ಆದರೆ ತಪ್ಪು ಗೂಟಕ್ಕೆ ನೇತುಹಾಕಿದರು ಎಂದು ನಮಗನ್ನಿಸುತ್ತದೆ. ಅರ್ಜೆಂಟೀನಾದಲ್ಲಿ ಅಡಗಿದ್ದಾಗ ಐಕ್‌ಮನ್ ತನ್ನವರೊಂದಿಗೆ ಜಂಬದಿಂದ ಮಾತಾಡಿದ ಟೇಪುಗಳಿವೆ. ಅವನು ಗುಮಾಸ್ತನ ವೇಷ ಹಾಕಿದ್ದ ಭಕ್ತ. ಅರೆಂಟ್ ಹೇಳಿದ ಸಾಧಾರಣ ಮನುಷ್ಯ ಯೂಜೆಫೂಫಿನ ಸಾಲಿನಲ್ಲಿ ನಿಂತಿದ್ದ.

ಬ್ರೌನಿಂಗರ ಕಡೆಯವರು ಅಮೆರಿಕದ ಸ್ಟ್ಯಾನ್ಲಿ ಮಿಲ್ಗ್ರಾಮ್ ಮಾಡಿದ ಪ್ರಯೋಗವನ್ನು ನೆನಪಿಸುತ್ತಾರೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ. ಪಾಠ ತಪ್ಪಿದವನಿಗೆ ಕರೆಂಟು ಕೊಡು ಅಂತ ಸಾಮಾನ್ಯ ಜನರಿಗೆ ಹೇಳುವುದು. ಕರೆಂಟು ಸುಳ್ಳು, ಕೊಡುವವನಿಗೆ ಅದು ಗೊತ್ತಿಲ್ಲ. ಗೋಡೆಯಾಚೆಯಿಂದ ಕೂಗು ಕೇಳಿದರೂ 40 ಜನರಲ್ಲಿ 26 ಜನ 450 ವೋಲ್ಟಿನವರೆಗೆ ಹೋದರು. ಪತ್ರಿಕೆಗಳೆಲ್ಲ ಇದನ್ನೇ ಬರೆಯುತ್ತವೆ. ಆದರೆ ಅದೇ ಪ್ರಯೋಗದ ಇನ್ನೆರಡು ಲೆಕ್ಕವನ್ನು ನಮ್ಮ ಜನ ಗಮನಿಸಬೇಕು. ಸ್ವಿಚ್ಚು ಒತ್ತುವವನು ಬೇರೆ, ತಾನು ಪಕ್ಕದ ಕೆಲಸವಷ್ಟೇ ಮಾಡುವುದು ಎಂದಾದಾಗ 40ರಲ್ಲಿ 37 ಜನ ಕೊನೆಯವರೆಗೆ ಕೂತರು. ಜೊತೆಯಲ್ಲಿ ಕೂತ ಇಬ್ಬರು 'ನಾವು ಮಾಡಲ್ಲ' ಎಂದು ಎದ್ದುಹೋದಾಗ ಕೊನೆಯವರೆಗೆ ಹೋದವರು 40ರಲ್ಲಿ 4 ಜನ. ಮನುಷ್ಯರು ಅದೇ ಥರದವರು, ಸಾಲು ಬೇರೆ.

ಈಗ ನಮ್ಮ ನೆಲಕ್ಕೆ ಬರೋಣ. ಇದೇ ಪ್ರಶ್ನೆಯನ್ನು ಈ ಪಂಡಿತರಿಗಿಂತ ಮುಂಚೆ ಬಾಬಾಸಾಹೇಬರು ಎತ್ತಿದ್ದರು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಕರೆದು, ಭಾಷಣ ಓದಿ ಹೆದರಿ ಸಭೆಯನ್ನೇ ರದ್ದು ಮಾಡಿದಾಗ ತಾವೇ ಅಚ್ಚು ಹಾಕಿಸಿದ ಆ ಭಾಷಣದಲ್ಲಿ ಅವರ ವಾದ ಇದು: ಹಿಂದೂಗಳು ಜಾತಿ ಆಚರಿಸುವುದು ಅವರು ಅಮಾನುಷರಾದ್ದರಿಂದ ಅಲ್ಲ, ಧಾರ್ಮಿಕರಾದ್ದರಿಂದ. ಆದ್ದರಿಂದ ಆಚರಿಸುವ ಮನುಷ್ಯನನ್ನು ಬೈದು ಫಲವಿಲ್ಲ, ಅವನಿಗೆ ಕಲಿಸಿದ ಶಾಸ್ತ್ರದ ಅಧಿಕಾರವನ್ನು ಮುರಿಯಬೇಕು. ಸುಡಿಸಿಕೊಂಡ ಜನರ ನಾಯಕ, ಎದುರಿನವನನ್ನು ರಾಕ್ಷಸ ಅನ್ನದೆ ಹೀಗೆ ಯೋಚಿಸಿದ್ದು ಸಣ್ಣ ಮಾತಲ್ಲ. ಹಾಗಂತ ಅವರು ಎಲ್ಲರೂ ಒಂದೇ ಅಂತ ಕೈತೊಳೆದುಕೊಳ್ಳಲೂ ಇಲ್ಲ.

ಯೂಜೆಫೂಫಿಗೂ ನಮ್ಮ ಊರುಗಳಿಗೂ ಒಂದು ವ್ಯತ್ಯಾಸವಿದೆ. ಆ ಪೊಲೀಸರಿಗೆ ಆ ಹಳ್ಳಿಯವರ ಹೆಸರು ಗೊತ್ತಿರಲಿಲ್ಲ. ಮಾತಾಡಿಸಿದ ದರ್ಜಿ ಕೈಬಿಟ್ಟ. ನಮ್ಮಲ್ಲಿ ಕೊಲ್ಲುವವನಿಗೆ ಸಾಯುವವನ ಹೆಸರು ಗೊತ್ತು, ಅವನಪ್ಪನ ಹೆಸರೂ ಗೊತ್ತು. ಇಬ್ಬರದೂ ಒಂದೇ ಭಾಷೆ, ಒಂದೇ ಮಾರಿಹಬ್ಬ. ಅವರ ಹಸು ಸತ್ತರೆ ಹೊತ್ತವರು ನಾವು, ಹೆರಿಗೆ ಮಾಡಿಸಿದವರು ನಮ್ಮ ಅಜ್ಜಿಯರು. ಆದರೂ ಲೆಕ್ಕದ ಒಳಗೆ ಬರುವುದಿಲ್ಲ. ಜಾತಿ ಮಾಡಿರುವ ಕೆಲಸ ಇದು. ಪಕ್ಕದಲ್ಲೇ ಇಟ್ಟುಕೊಂಡು ಲೆಕ್ಕದಿಂದ ಹೊರಗಿಡುವುದನ್ನು ಹಿಟ್ಲರ್ ಒಂಬತ್ತು ವರ್ಷದಲ್ಲಿ ಕಲಿಸಬೇಕಾಯಿತು, ಇಲ್ಲಿ ಮಗುವಿಗೆ ನೀರು ಕುಡಿಸುವಾಗಲೇ ಕಲಿಸುತ್ತಾರೆ. ಇನ್ನೊಂದು ವ್ಯತ್ಯಾಸವೂ ಇದೆ. ಟ್ರಾಪ್ ಬಾಗಿಲು ತೆರೆದಿದ್ದ. ನಮ್ಮಲ್ಲಿ ಬಹಿಷ್ಕಾರ ಹಾಕಿದ ಊರಲ್ಲಿ ದಲಿತರನ್ನು ಮಾತಾಡಿಸಿದವನಿಗೆ, ಸಾಮಾನು ಕೊಟ್ಟ ಅಂಗಡಿಯವನಿಗೆ ದಂಡ ಹಾಕುತ್ತಾರೆ. ಸಾಲು ಬಿಟ್ಟು ಬರುವವನನ್ನು ಊರು ಮೊದಲೇ ನೋಡಿಕೊಳ್ಳುತ್ತದೆ. ಸಾಕ್ಷಿಗಳು ಯಾಕೆ ತಿರುಗಿಬೀಳುತ್ತಾರೆ ಎಂದು ಪಟ್ಟಣದವರು ಕೇಳುತ್ತಾರೆ. ಆ ಊರಲ್ಲಿ ನಾಳೆ ಬೆಳಿಗ್ಗೆ ಹಾಲು ಯಾರ ಮನೆಯಲ್ಲಿ ತರಬೇಕು, ಕೂಲಿ ಯಾರ ಹೊಲಕ್ಕೆ ಹೋಗಬೇಕು ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಇನ್ನು ನಾವು. ಈ ಭಾಗ ಬರೆಯಬಾರದು ಅಂತ ನಮ್ಮಲ್ಲೇ ಇಬ್ಬರು ವಾದಿಸಿದರು, ಎದುರಿನವರ ಕೈಗೆ ಕೋಲು ಕೊಟ್ಟ ಹಾಗಾಗುತ್ತದೆ ಅಂತ. ಬರೆಯುತ್ತೇವೆ. ನಮ್ಮ ಕೇರಿಯಾಚೆಗೆ ಇನ್ನೊಂದು ಕೇರಿ ಇದೆ. ಬಲಗೈಯವರ ಮದುವೆಯಲ್ಲಿ ಎಡಗೈಯವರು ಎಲ್ಲಿ ಕೂತು ಉಂಡರು ಎಂಬುದನ್ನು ನಾವು ಚಿಕ್ಕವರಿದ್ದಾಗ ನೋಡಿದ್ದೇವೆ, ಆಗ ಅದು ಕಣ್ಣಿಗೆ ಚುಚ್ಚಲಿಲ್ಲ. ಹೆಂಡತಿಗೆ ಹೊಡೆದು ಬಂದ ಕೈಯಲ್ಲಿ ಕರಪತ್ರ ಹಂಚಿದವರು ನಮ್ಮ ಸಂಘದಲ್ಲಿದ್ದಾರೆ. ತುಳಿಸಿಕೊಂಡವರೆಂಬ ಕಾರಣಕ್ಕೇ ನಮ್ಮ ಕೈ ಶುದ್ಧವೆಂದರೆ, ಕಾರಿದ್ದವರ ಕೈ ಶುದ್ಧವೆಂದ ತೀರ್ಪಿಗೂ ನಮಗೂ ಏನು ಅಂತರ? ಬೆಂಕಿ ಹಚ್ಚುವ ಅಧಿಕಾರ, ಹಚ್ಚಿ ದಕ್ಕಿಸಿಕೊಳ್ಳುವ ಬಲ ಇವತ್ತು ಯಾರ ಹತ್ತಿರ ಇದೆ ಎಂಬುದು ಬೇರೆ ಪ್ರಶ್ನೆ. ಅದರಲ್ಲಿ ನಮಗೆ ಅನುಮಾನವಿಲ್ಲ. ಒಳಗಿನ ಸಾಮರ್ಥ್ಯ ಎಲ್ಲರಿಗೂ ಇರಬಹುದು, ಬಂದೂಕು ಎಲ್ಲರ ಕೈಗೂ ಬರುವುದಿಲ್ಲ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಮ್ಮಲ್ಲೊಬ್ಬನ ಅಜ್ಜಿಗೆ ಈ ಕಥೆಯನ್ನೆಲ್ಲ ಹೇಳಿದೆವು. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಕೇಳಿತು. ಟ್ರಾಪ್ ಅತ್ತದ್ದಕ್ಕೆ ಏನೂ ಅನ್ನಲಿಲ್ಲ. ಸಾಲು ಬಿಟ್ಟು ಬಂದವರ ವಿಷಯಕ್ಕೆ ಬಂದಾಗ ತಲೆ ಎತ್ತಿತು.

"ಹಂಗಾರೆ ಆ ಹತ್ತು ಹನ್ನೆಲ್ಡು ಜನ ಊರಿಗೆ ಹೊಂಟೋದ್ರೇನ್ಲಾ ಮಗ?"

"ಇಲ್ಲ ಅಜ್ಜಿ, ಅದೇ ಪಡೇಲೇ ಇದ್ರು. ಹೊಡೆಯೋ ಕೆಲಸ ಬಿಟ್ಟು ಬೇರೆ ಕೊಟ್ರು. ಕಾವಲು, ಲಾರಿ ಜೊತೆ ಹೋಗೋದು, ಇಂಥವು."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿತ್ತು.

"ಕಾವ್ಲು ಅಂದ್ರೆ, ತಪ್ಪಿಸ್ಕಂಡು ಓಡಿ ಬಂದೋರ್ನ ಹಿಡಿಯಾದು ತಾನೆ?"

ಹೌದು ಅಂದೆವು.